ಸಣ್ಣ ಪೆಟ್ಟಿನ ಪರೀಕ್ಷೆ

ತಟ್ಟಿ ನೋಡದೆ ಯಾವುದನ್ನೂ ನಂಬದ ಜನ ನಾವು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳು ಮಡಚಿ ಅದರ ಹೊಟ್ಟೆಗೆ ಬಡಿಯುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತೇವೆ, ಅದು ಸಾಲದೆಂದು ಉಗುರಿನಿಂದ ಬಾರಿಸುತ್ತೇವೆ, ಕಾಯಿ ಏನು ಹೇಳಿತೋ ಅದೆಲ್ಲ ತಿಳಿದವರಂತೆ ತಲೆಯಾಡಿಸಿ ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತೇವೆ. ಎತ್ತು ಕೊಳ್ಳುವವರು ಅದರ ಬೆನ್ನು ತಟ್ಟುತ್ತಾರೆ. ಡಾಕ್ಟರು ನಮ್ಮ ಎದೆಯ ಮೇಲೆ ಬೆರಳಿಟ್ಟು ತಟ್ಟುತ್ತಾರೆ. ಇದರಿಂದ ಒಳಗಿನದು ಎಷ್ಟು ಗೊತ್ತಾಗುತ್ತದೋ ದೇವರಿಗೇ ಗೊತ್ತು, ತಟ್ಟಿದವರಿಗೆ ಸಮಾಧಾನವಾಗುವುದಂತೂ ನಿಜ. ಈ ಚಟ ನನಗೂ ಇದೆ. ಆದರೆ ನನಗದು ಹುಟ್ಟಿನಿಂದ ಬಂದದ್ದಲ್ಲ, ಮದುವೆಯಿಂದ ಬಂದದ್ದು.

ನಮ್ಮ ಮನೆಯವರು ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಇದ್ದಾಗ ಒಂದು ದಿನವೂ ಕರೆಯದ ಹೆಸರನ್ನು ಈಗ ಬರೆದರೆ, ಅವರು ಎಲ್ಲಿದ್ದಾರೋ ಅಲ್ಲಿ ಗಾಬರಿಯಾದಾರು. ಆದ್ದರಿಂದ ನಮ್ಮ ಮನೆಯವರೆಂದೇ ಇರಲಿ. ಅವರು ಹೋದಂದಿನಿಂದ ಮನೆಗೆ ಬಂದವರೆಲ್ಲ ನನ್ನನ್ನು ತಟ್ಟಿ ನೋಡುತ್ತಿದ್ದಾರೆ. ಜೋರಾಗಿ ಯಾರೂ ಬಡಿಯುವುದಿಲ್ಲ, ಎಲ್ಲರದೂ ಸಣ್ಣ ಪೆಟ್ಟು. ಪಕ್ಕದ ಮನೆಯ ಗಂಗವ್ವ ಸಂಜೆಗೊಮ್ಮೆ ಬಂದು ಹೊಸ್ತಿಲ ಹತ್ತಿರ ಕೂಡುತ್ತಾಳೆ. "ನಿದ್ದಿ ಹತ್ತತೈತೇನ ತಂಗಿ?" ಎನ್ನುತ್ತಾಳೆ. "ಹತ್ತತೈತ್ರಿ" ಎನ್ನುತ್ತೇನೆ. "ಊಟ ಸೇರತೈತೇನ?" "ಸೇರತೈತ್ರಿ." "ಅವರ ಅಂಗಿ ಧೋತರ ಎಲ್ಲಾ ಹಂಗs ಇಟ್ಟೀಯೇನ?" "ಇಟ್ಟೇನ್ರಿ." ಇಷ್ಟಾದರೂ ನಾನು ಬಿರಿಯದಿದ್ದಾಗ ಗಂಗವ್ವ ಮೊಳಕಾಲ ಮೇಲೆ ಕೈಯೂರಿ ಏಳುತ್ತ, "ನಿಂದು ಭಾಳ ಗಟ್ಟಿ ಜೀವ ಬಿಡ" ಎನ್ನುತ್ತಾಳೆ. ಅದು ಹೊಗಳಿಕೆಯೋ ದೂರೋ ನನಗೆ ಇನ್ನೂ ತಿಳಿದಿಲ್ಲ. ನಮ್ಮ ಮನೆಯವರು ಇದ್ದಿದ್ದರೆ ಗಂಗವ್ವನಿಗೆ ಹೇಳುತ್ತಿದ್ದರು: ಮೇಲಿನ ಬದಿ ನೋಡಿ ಗಟ್ಟಿ ಐತಿ ಅನ್ನಬಾರದು, ತಿರುವಿ ನೋಡಬೇಕು. ಅವರು ಈ ಮಾತು ಹೇಳುತ್ತಿದ್ದದ್ದು ಮನುಷ್ಯರ ಬಗ್ಗೆ ಅಲ್ಲ, ಪ್ಲಾಸ್ಟಿಕ್ ಹಾಳೆಯ ಬಗ್ಗೆ. ಮನುಷ್ಯರ ಬಗ್ಗೆ ಅವರು ಹೆಚ್ಚು ಮಾತಾಡಿದವರಲ್ಲ.

ವಿಜಾಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಆಚೆ ಒಬ್ಬ ಸಾಹುಕಾರರ ಬಸ್ಸಿನ ಗ್ಯಾರೇಜು ಇತ್ತು. ಎರಡು ಬಸ್ಸು, ಒಂದು ತಿಕೋಟಾಕ್ಕೆ ಹೋಗಿ ಬರುತ್ತಿತ್ತು, ಇನ್ನೊಂದು ಬಬಲೇಶ್ವರಕ್ಕೆ. ನಮ್ಮ ಮನೆಯವರು ಅಲ್ಲಿ ಮಿಸ್ತ್ರಿ. ಎಂಜಿನ್ನಿಗೂ ಅವರಿಗೂ ಸಂಬಂಧವಿಲ್ಲ, ಬಸ್ಸಿನ ಮೈ ಮಾತ್ರ ಅವರದು. ಸೀಟು, ಬಾಗಿಲು, ಕಿಟಕಿ. ನಮ್ಮ ಮದುವೆಯ ಮರುವರ್ಷ ಒಂದು ದಿನ, ಸರಿಯಾಗಿ ಮುಚ್ಚದ ಕಿಟಕಿಯೊಂದನ್ನು ಓಡುವ ಬಸ್ಸಿನಲ್ಲೇ ನೋಡಬೇಕೆಂದು ತಿಕೋಟಾದ ಬಸ್ಸು ಹತ್ತಿ ಅದರ ಪಕ್ಕ ಕುಳಿತರು. ಎದುರಿಗೆ ಬಂದ ಲಾರಿಯ ಗಾಲಿಯಿಂದ ಒಂದು ಹರಳು ಸಿಡಿಯಿತು. ಕಡಲೆಕಾಳಿನಷ್ಟಿತ್ತಂತೆ. ಗಾಜು ಪುಡಿಪುಡಿಯಾಗಿ ಒಳಗೆ ಬಿತ್ತು. ಮಿರಜಿನ ಆಸ್ಪತ್ರೆಯ ತನಕ ಹೋಗಿ ಬಂದರೂ ಎಡಗಣ್ಣು ಉಳಿಯಲಿಲ್ಲ.

ಅಂದಿನಿಂದ ಅವರಿಗೆ ಗಾಜಿನೊಂದಿಗೆ ಮಾತಿಲ್ಲ, ಕಥೆಯಿಲ್ಲ. ಚಹಾ ಹಿತ್ತಾಳೆ ವಾಟಗದಲ್ಲಿ ಆಗಬೇಕು. ಕಂದೀಲು ಹಚ್ಚಿದರೆ ಅದರಿಂದ ದೂರ, ಅದಕ್ಕೆ ಬೆನ್ನು ಮಾಡಿ ಕೂಡುತ್ತಿದ್ದರು, ನಾಯಿಗೆ ಹೆದರುವವರು ನಾಯಿಯನ್ನು ನೋಡದಂತೆ ದಾಟುವ ಹಾಗೆ. ಮನೆಯಲ್ಲಿದ್ದ ಒಂದೇ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದರು. ನಾನು ತಲೆ ಬಾಚಿಕೊಳ್ಳಬೇಕಾದರೆ ಅದನ್ನು ತಿರುವಿ, ಬಾಚಿ, ಕುಂಕುಮ ಇಟ್ಟುಕೊಂಡು, ಮತ್ತೆ ತಿರುವಿಡಬೇಕು. ಹೊಸದಾಗಿ ಬಂದ ನೆಂಟರು ಇದು ಯಾವ ಶಾಸ್ತ್ರವೆಂದು ಕೇಳುತ್ತಿದ್ದರು. ನಮ್ಮ ಮನೆಯ ಶಾಸ್ತ್ರವೆಂದು ಹೇಳಿಬಿಡುತ್ತಿದ್ದೆ.

ಹೀಗಿರುವಾಗ ಸಾಹುಕಾರರು ಸೊಲ್ಲಾಪುರಕ್ಕೆ ಹೋದವರು ಹೊಸ ಜಾತಿಯ ಹಾಳೆ ತಂದರು. ನೋಡಲು ಗಾಜು, ಮುಟ್ಟಿದರೆ ಗಾಜಲ್ಲ. ಎತ್ತಿದರೆ ಹಪ್ಪಳದಂತೆ ಹಗುರ. "ಪ್ಲಾಸ್ಟಿಕ್ ಅಂತ ಮಿಸ್ತ್ರಿ. ತಡೀತೈತೋ ಇಲ್ಲೋ ನೀನs ನೋಡಿ ಹೇಳು. ನೀ ಹೂಂ ಅಂದ್ರ ಎರಡೂ ಗಾಡಿಗೆ ಹಾಕಿಸಿಬಿಡೂಣು" ಎಂದರಂತೆ. ನಮ್ಮ ಮನೆಯವರು ಅದನ್ನು ಹೊದೆಯುವ ಪಂಜೆಯಲ್ಲಿ ಸುತ್ತಿ, ಕೂಸನ್ನು ತಂದಂತೆ ಎದೆಗೆ ಅವಚಿಕೊಂಡು ಮನೆಗೆ ತಂದರು.

ನಾನು ಸಹಜವಾಗಿ, "ಒಂದ ದೊಡ್ಡ ಕಲ್ಲ ತಗೊಂಡ ಒಗದ ನೋಡ್ರಿ, ಮುಗದ್ಹೋತು" ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. "ದೊಡ್ಡ ಕಲ್ಲಿಗೆ ಗ್ವಾಡೀನೂ ಬೀಳ್ತೈತಿ. ದೊಡ್ಡ ಕಲ್ಲ ದಿನಾ ಯಾರ ಒಗೀತಾರ? ಕಿಟಕಿಗೆ ದಿನಾ ಬೀಳೂದು ಸಣ್ಣ ಪೆಟ್ಟು. ಅದನ್ನ ನೋಡಬೇಕು." ಆಮೇಲೆ ಸಣ್ಣ ಪೆಟ್ಟುಗಳು ಯಾವುವೆಂದು ಹೇಳುತ್ತ ಹೋದರು. ತೂಕಡಿಸುವವರ ತಲೆ. ಜಾಗಕ್ಕಾಗಿ ಜಗಳಾಡುವವರ ಮೊಳಕೈ. ಬುಟ್ಟಿಯ ಅಂಚು. ಮೇಲೆ ಕಟ್ಟಿದ ಜೋಳದ ಕಣಿಕೆಯ ಸಿವುಡು ಜಾರಿ ಬಡಿಯುವುದು. ಬಬಲೇಶ್ವರದ ಸಂತೆಯ ದಿನ ಟಗರಿನ ಕೋಡು. ರಸ್ತೆಯ ಹರಳು. ಮಾತು ಕಡಿಮೆಯ ಮನುಷ್ಯ ಅಂದು ಅಷ್ಟು ಮಾತಾಡಿದ್ದು ಕೇಳಿ ನನಗೆ ಹೆದರಿಕೆಯಾಯಿತು, ಇದು ಬೇಗ ಮುಗಿಯುವ ಕೆಲಸವಲ್ಲವೆಂದು.

ಪಡಸಾಲೆ ಪರೀಕ್ಷೆಯ ಸಾಲೆಯಾಯಿತು. ಹಾಳೆಯನ್ನು ಒಂದು ಕಟ್ಟಿಗೆಯ ಚೌಕಟ್ಟಿಗೆ ತಿರುಪಿನಿಂದ ಬಿಗಿದು ನೆಲದಿಂದ ಸ್ವಲ್ಪ ಮೇಲೆ ಅಡ್ಡಲಾಗಿ ಕೂರಿಸಿದರು. ಅದರ ಮೇಲೆ ಒಂದು ಪೊಳ್ಳು ಬಿದಿರು. ಬಿದಿರಿನ ಮೇಲಿನ ಬಾಯಿಂದ ಬೇರಿಂಗಿನ ಉಕ್ಕಿನ ಗುಂಡು ಬಿಡುವುದು, ಅದು ಹಾಳೆಯ ಮೇಲೆ ಠಪ್ ಎಂದು ಬೀಳುವುದು. ಎತ್ತರಕ್ಕೆ ಅಳತೆಪಟ್ಟಿ ಇಲ್ಲ. ಗೋಡೆಯ ಮೇಲೆ ಸುಣ್ಣದಲ್ಲಿ ಗುರುತು ಹಾಕಿದ್ದರು: ಬೀಸುವ ಕಲ್ಲಿನ ಎತ್ತರ, ದೀಪದ ಗೂಡಿನ ಎತ್ತರ, ಅಂಗಿಯ ಗೂಟದ ಎತ್ತರ. ಗ್ಯಾರೇಜಿನಿಂದ ಬಂದು ಕೈಕಾಲು ತೊಳೆದರೆ ಶುರು. ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಬಿದ್ದ ಸದ್ದು ಏನೂ ಮಾಡುವುದಿಲ್ಲ, ಇನ್ನೂ ಬೀಳಬೇಕಾದ ಸದ್ದು ಇದೆಯಲ್ಲ, ಅದು ಕುತ್ತಿಗೆಯ ಹಿಂದೆ ಬಂದು ನಿಂತುಕೊಳ್ಳುತ್ತದೆ. ಗುಂಡು ಹುಡುಕಲು ಅವರು ಮಂಚದ ಕೆಳಗೆ ಹೋದಾಗ ನನ್ನ ಕೈಯೂ ಹಿಟ್ಟಿನ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಆ ದಿನಗಳಲ್ಲಿ ನಮ್ಮ ಮನೆಯ ರೊಟ್ಟಿ ಒಂದು ಬದಿ ಕಾಗದ, ಒಂದು ಬದಿ ಕಂಬಳಿ. ಗಂಗವ್ವ ಗೋಡೆಯ ಆಚೆಯಿಂದ, "ಏನಬೇ, ದಿನಾ ಸಂಜೀಕ ಏನ ಬಡದಾಡತೀರಿ ಗಂಡಾ ಹೆಂಡತಿ?" ಎಂದು ಆಸೆಯಿಂದ ಕೇಳುತ್ತಿದ್ದಳು. ಪ್ಲಾಸ್ಟಿಕ್ಕಿನ ಪರೀಕ್ಷೆ ಎಂದರೆ ಅವಳಿಗೆ ನಂಬಿಕೆಯೇ ಇಲ್ಲ, ಮುಚ್ಚಿಡುತ್ತಿದ್ದೇವೆಂದು ಬೇಸರಪಟ್ಟಳು.

ಕೆಲವು ದಿನಗಳಾದ ಮೇಲೆ ಅವರು ಒಲೆಯ ಹತ್ತಿರ ಬಂದು ನನ್ನ ಕೈ ನೋಡುತ್ತ ನಿಂತರು. "ಗುಂಡಿನ ಪೆಟ್ಟ ಆತು. ಇನ್ನ ಮನಷ್ಯಾರ ಪೆಟ್ಟ ನೋಡಬೇಕು. ನಿಂದು ರೊಟ್ಟಿ ಬಡದ ಕೈ, ಎಲ್ಲಾ ಪೆಟ್ಟೂ ಒಂದs ತೂಕದಾಗ ಬೀಳ್ತಾವ. ಬಾ." ಹೀಗೆ ನಾನೂ ಆ ಕೆಲಸಕ್ಕೆ ನೇಮಕವಾದೆ. ಹಿಟ್ಟಿಲ್ಲದ, ಹೆಂಚಿಲ್ಲದ ರೊಟ್ಟಿಯನ್ನು ಹಾಳೆಯ ಮೇಲೆ ಬಡಿಯುವುದು, ಅವರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಒಂದು ಕಣ್ಣಿನಿಂದ ನೋಡುವುದು. ಬೇರೆ ದಂಪತಿಗಳು ಸಂಜೆ ಏನು ಮಾಡುತ್ತಿದ್ದರೋ, ನಾವು ಇದನ್ನು ಮಾಡುತ್ತಿದ್ದೆವು.

ಹಾಳೆಯ ಮೇಲೆ ಒಂದು ಗೀರೂ ಕಾಣಲಿಲ್ಲ. ಒಂದು ಮುಂಜಾನೆ ನಾನು ಕುಂಕುಮ ಇಟ್ಟುಕೊಂಡು, ಕೈ ಒರೆಸಿಕೊಳ್ಳದೆ ಆ ಚೌಕಟ್ಟನ್ನು ಎತ್ತಿ ಬದಿಗಿಡಲು ಹೋದೆ. ಕೆಳಗಿನ ಬದಿಗೆ ಬೆರಳು ತಾಗಿತು. ಸೆರಗಿನಿಂದ ಒರೆಸಿದೆ. ಕುಂಕುಮವೆಲ್ಲ ಹೋಯಿತು, ಬಿರುಕಿನಲ್ಲಿ ಕುಳಿತ ಒಂದು ಎಳೆ ಮಾತ್ರ ಹೋಗಲಿಲ್ಲ. ಕೂದಲಿಗಿಂತ ತೆಳ್ಳಗೆ, ತಿರುಪಿನ ತೂತಿನಿಂದ ಹೊರಟು ಒಳಗೆ ಹರಿದಿತ್ತು. ಇನ್ನಷ್ಟು ಕುಂಕುಮ ಹಚ್ಚಿ ಒರೆಸಿದರೆ ಅದರ ಪಕ್ಕ ಇನ್ನೊಂದು. ಮೇಲಿನ ಬದಿ ಮಾತ್ರ ಕೊಳದ ನೀರಿನಂತೆ ನುಣುಪು. ಅವರನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. ತಿರುವಿ ನೋಡಬೇಕು ಎಂಬ ಮಾತು ಹುಟ್ಟಿದ್ದು ಆಗ. ಅಂದಿನಿಂದ ನನ್ನ ಕುಂಕುಮದ ಭರಣಿ ಅವರ ಸಾಮಾನಿನ ಪೆಟ್ಟಿಗೆಯಲ್ಲಿ, ಅರದ ಪಕ್ಕ, ಇರತೊಡಗಿತು. ಹಬ್ಬದ ದಿನ ಹಣೆಗೆ ಇಟ್ಟುಕೊಳ್ಳಲು ನಾನು ಅವರ ಅಪ್ಪಣೆ ಕೇಳಬೇಕಾಯಿತು.

ಆದರೆ ಎಳೆ ಕಂಡ ಮೇಲೆ ಅವರು ಬಿಡುತ್ತಾರೆಂದು ನಾನು ತಿಳಿದದ್ದು ತಪ್ಪು. "ಎಳಿ ಬಿದ್ದೈತಿ, ಒಡದಿಲ್ಲಲ್ಲ" ಎಂದರು. ಗ್ಯಾರೇಜಿನಲ್ಲಿ ಇವರ ಮಾತನ್ನು ನಂಬುವವರಿರಲಿಲ್ಲ. ಹಪ್ಪಳದ ಕಿಟಕಿ, ಮಳಿ ಬಂದ್ರ ನೆನೀತೈತಿ ಎಂದು ನಗುತ್ತಿದ್ದರಂತೆ. ಸಾಹುಕಾರರೂ ಮನಸ್ಸು ಬದಲಿಸಿ ಗಾಜಿನ ಕಡೆ ವಾಲಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ತಿಕೋಟಾ ಬಸ್ಸಿನ ಡ್ರೈವರ್ ಹುಸೇನಸಾಬ ಒಂದು ಮಧ್ಯಾಹ್ನ ಮನೆಯ ಮುಂದೆ ಬಂದು, ಚಪ್ಪಲಿ ಬಿಡದೆ, ಒಳಗೂ ಬಾರದೆ ನಿಂತಾಗ. "ಅಕ್ಕಾರ, ನಿಮ್ಮ ಯಜಮಾನ್ರು ನನ್ನ ಕೈಲೆ ಪಾಪ ಮಾಡಸಾಕತ್ತಾರ ನೋಡ್ರಿ."

"ಏನಾತ್ರಿ ಅಣ್ಣಾ?"

"ನಾಳಿ ಗಾಡಿಗೆ ಆ ಹಾಳಿ ಹಾಕ್ತಾರಂತ. ಅದರ ಬಾಜೂಕ ತಾವs ಮಕ ಕೊಟ್ಟ ಕೂಡ್ತಾರಂತ. ನಾ ಹೊರಗಿಂದ ಕಲ್ಲ ಒಗೀಬೇಕಂತ. ಸಾವಕಾರ್ರ ಮುಂದ ಮಾತ ಕೊಟ್ಟಾರ. ನಾ ಒಲ್ಲೆ ಅಂದ್ರ, ನಿನ್ನ ಗುರಿ ಚಲೋ ಐತಿ ಅಂತಾರ. ಗುರಿ ಚಲೋ ಇದ್ದದ್ದs ಅಂಜಿಕಿ ನನಗ."

ಅವತ್ತು ಸಂಜೆ ಠಪ್ ಸದ್ದು ಇರಲಿಲ್ಲ. ಅವರು ಹಾಳೆಯ ಅಂಚಿಗೆ ಅರ ಹಾಕುತ್ತಿದ್ದರು. ನಾನು ಮುಂದೆ ಹೋಗಿ ಕುಳಿತೆ.

"ಇರೂದು ಒಂದ ಕಣ್ಣರಿ."

"ಗೊತ್ತೈತಿ."

"ಅದೂ ಹೋದ್ರ?"

"ಹೋಗಾಂಗಿಲ್ಲ."

"ಹೋದ್ರ ಅಂದೆ ನಾನು. ನನ್ನ ಮಕ ನೋಡೂದು ಬ್ಯಾಸರ ಆಗೇತೇನ ನಿಮಗ?"

ಅವರು ಅರ ನಿಲ್ಲಿಸಲಿಲ್ಲ. "ನಿನ್ನ ಮಕ ಬಾಯಿಪಾಠ ಐತಿ" ಎಂದರು.

ನಮ್ಮ ಸಂಸಾರದಲ್ಲಿ ಅವರು ನನ್ನ ಬಗ್ಗೆ ಆಡಿದ ಮಾತುಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಜಗಳದ ನಡುವೆ ಬಂದದ್ದರಿಂದ ನಾನು ಅದನ್ನು ಗಮನಿಸದೆ ಮುಂದಿನ ಬೈಗುಳಕ್ಕೆ ಹೋಗಿಬಿಟ್ಟೆ. ಎಲ್ಲ ಕೇಳಿದ ಮೇಲೆ ಅವರು ಹೇಳಿದ್ದು ಇಷ್ಟೇ: "ನಾ ಕೂಡಲಿಲ್ಲಂದ್ರ ಅವರು ಗಾಜs ಹಾಕಸ್ತಾರ. ಆ ಜಾಗಾದಾಗ ನಾಳಿ ಯಾರೋ ಕೂಸಿನ್ನ ತೊಡಿಮ್ಯಾಲ ಹಾಕ್ಕೊಂಡ ಕುಂತಿರತಾಳ." ಜಗಳದಲ್ಲಿ ಸೋತ ಹೆಂಗಸರು ಮಾಡುವುದನ್ನೇ ನಾನೂ ಮಾಡಿದೆ, ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದೆ.

ಮರುದಿನ ಬುತ್ತಿ ಕೊಡುವ ನೆಪ ಮಾಡಿಕೊಂಡು ಗ್ಯಾರೇಜಿಗೆ ಹೋದೆ. ಬುತ್ತಿಯನ್ನು ಅವರು ಮುಂಜಾನೆಯೇ ಒಯ್ದಿದ್ದರು, ಆದರೆ ಅದನ್ನು ಯಾರೂ ಕೇಳಲಿಲ್ಲ. ಬೇವಿನ ಮರದ ಕೆಳಗೆ ಬಸ್ಸು ನಿಂತಿತ್ತು. ಸಾಹುಕಾರರು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಗಾಜಿನ ಕಿಟಕಿಗಳ ಸಾಲಿನಲ್ಲಿ ಒಂದು ಮಾತ್ರ ಪ್ಲಾಸ್ಟಿಕ್ಕಿನದು, ನಾಲ್ಕೂ ಮೂಲೆಗೆ ತಿರುಪು. ನಾವು ಬಡಿದ ಹಾಳೆಯೇ. ತಿರುಪಿನ ಹತ್ತಿರ ನನ್ನ ಕುಂಕುಮದ ಎಳೆ ಹೊರಗಿನಿಂದಲೇ ಕಾಣುತ್ತಿತ್ತು. ಅದರ ಹಿಂದೆ ನಮ್ಮ ಮನೆಯವರು, ಫೋಟೋ ತೆಗೆಸಿಕೊಳ್ಳುವವರಂತೆ ಮುಖ ಬಿಗಿಮಾಡಿ ಕುಳಿತಿದ್ದರು. ಹುಸೇನಸಾಬ ಕಲ್ಲು ಹಿಡಿದು ನಿಂತಿದ್ದ. ಕೈಯನ್ನು ಮತ್ತೆ ಮತ್ತೆ ಪಾಯಜಾಮಕ್ಕೆ ಒರೆಸುತ್ತಿದ್ದ.

ನಾನು ಏನೂ ಯೋಚಿಸಿರಲಿಲ್ಲ. ಕಾಲು ತಾವಾಗಿ ಬಸ್ಸು ಹತ್ತಿದವು. ಅವರ ಹತ್ತಿರ ಹೋಗಿ, "ಸರೀರಿ" ಎಂದೆ. ಇಲ್ಲಿ ಒಂದು ಮಾತು ಹೇಳಬೇಕು. ನನಗೆ ಬಸ್ಸೆಂದರೆ ವಾಂತಿ. ಜೈನಾಪುರದ ನನ್ನ ತವರಿಗೆ ಹೋಗುವಾಗಲೆಲ್ಲ ಕಿಟಕಿಯ ಜಾಗ ನನ್ನದು, ನಾನು ಸರೀರಿ ಎಂದರೆ ಅವರು ಸರಿಯುವುದು, ಇದು ಮದುವೆಯಾದಂದಿನಿಂದ ನಡೆದು ಬಂದದ್ದು. ಅಂದೂ ಅವರ ಮೈ ಆ ರೂಢಿಯಿಂದ ತಾನೇ ಸರಿಯಿತು. ನಾನು ಕುಳಿತೆ. ಕುಳಿತ ಮೇಲೆ ಏನಾಯಿತೆಂಬುದು ಅವರಿಗೆ ಹೊಳೆಯಿತು.

"ಏಳು" ಎಂದರು.

"ಗಟ್ಟಿ ಐತಿ ಅಂದ್ರಲ್ಲ. ನನಗೂ ತಡೀಲಿ."

"ಹುಚ್ಚಿ, ಏಳು ಅಂದೆ."

ಹೊರಗೆ ಹುಸೇನಸಾಬ ಕಲ್ಲನ್ನು ಕೆಳಗೆ ಹಾಕಿಬಿಟ್ಟ. "ಕುಂಕಮ ಇಟ್ಟ ಹಣಿಗೆ ಕಲ್ಲ ಒಗಿಯಾಕ ನಮ್ಮವ್ವ ನನ್ನ ಹಡದಿಲ್ರಿ ಸಾವಕಾರ್ರ" ಎಂದ. ಸಾಹುಕಾರರು, "ಮೆಲ್ಲಕ ಒಗಿಯೋ, ಮಿಸ್ತ್ರಿ ಹೇಳೂದು ಸಣ್ಣ ಪೆಟ್ಟು ಅಂತನs ಅಲ್ಲೇನು" ಎಂದರು. ಹುಸೇನಸಾಬ ಮೆಲ್ಲಗೆ ಎಸೆದ. ಎಷ್ಟು ಮೆಲ್ಲಗೆಂದರೆ ಕಲ್ಲು ಬಸ್ಸಿನ ತನಕ ಬರಲಿಲ್ಲ. ಇನ್ನೊಂದು ಎಸೆದ, ಅದು ಗಾಲಿಗೆ ಬಿತ್ತು. ಮೂರನೆಯದು ಹಾಳೆಗೆ ತಾಗಿತು, ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯವರು ಬಾಗಿಲು ತಟ್ಟಿದಂತೆ. ನಾನು ಕಣ್ಣು ಮುಚ್ಚಿ ಅವರ ತೋಳು ಹಿಡಿದುಕೊಂಡಿದ್ದೆ. ಗ್ಯಾರೇಜಿನವರೆಲ್ಲ ನಗಲು ಶುರುಮಾಡಿದರು. ಸಾಹುಕಾರರಿಗೆ ಸಿಟ್ಟು ಬಂತು. "ಇದೇನ ಪರೀಕ್ಷೆನೋ ಬೀಗರ ಊಟನೋ? ಇಬ್ಬರೂ ಇಳೀರಿ ಕೆಳಗ."

ಇಳಿದೆವು. ಸೀಟು ಖಾಲಿಯಾದ ಮೇಲೆ ಹುಸೇನಸಾಬನ ತೋಳಿಗೆ ಜೀವ ಬಂತು. ಎಸೆದ ಕಲ್ಲು ನನಗೆ ಕಾಣಲೇ ಇಲ್ಲ, ಸದ್ದು ಮಾತ್ರ ಕೇಳಿತು. ಈ ಸಲದ್ದು ಠಪ್ ಅಲ್ಲ. ಹಾಳೆ ತಿರುಪಿನ ತೂತಿನಿಂದ ಕೆಂಪು ಎಳೆ ಹಿಡಿದು ನೆಟ್ಟಗೆ ಸೀಳಿತು. ಅರ್ಧ ಚೌಕಟ್ಟಿನಲ್ಲೇ ಉಳಿಯಿತು, ಇನ್ನರ್ಧ ಮುರಿದ ರೊಟ್ಟಿಯಂತೆ ಸೀಟಿನ ಮೇಲೆ, ಅವರು ಕುಳಿತಿದ್ದ ಜಾಗದಲ್ಲಿ ಬಿದ್ದಿತು.

ನಾನು ಬೇವಿನ ಕಟ್ಟೆಗೆ ಕುಳಿತೆ. ಅವರು ಓಡಿ ಬಸ್ಸು ಹತ್ತಿದರು. ವರ್ಷಗಳಿಂದ ಗಾಜಿನ ಲೋಟ ಮುಟ್ಟದ ಮನುಷ್ಯ ಬರಿಗೈಯಿಂದ ಆ ಸೀಟನ್ನೆಲ್ಲ ಸವರಿದರು, ಕೆಳಗೆ ಬಗ್ಗಿ ನೆಲ ಸವರಿದರು. ಆಮೇಲೆ ಅಂಗೈ ಎತ್ತಿ ಕಿಟಕಿಯಿಂದ ಹೊರಗೆ ಚಾಚಿದರು. "ಒಂದ ಚೂರಿಲ್ಲ ನೋಡ್ರಿ ಸಾವಕಾರ್ರ. ಗಾಜಾಗಿದ್ರ ಈ ಕೈ ನೆತ್ತರಾಗತಿತ್ತು."

"ಒಡೀತಲ್ಲರಿ" ಎಂದೆ ನಾನು ಕೆಳಗಿನಿಂದ.

"ಒಡದೈತಿ, ಸಿಡಿದಿಲ್ಲ."

"ಸೀಳಿ ಬಿದ್ದದ್ದು ನಿಮ್ಮ ಮಕದ ಮ್ಯಾಲ ಬೀಳ್ತಿತ್ತು."

"ಬಿದ್ದಿದ್ರ ಬಾವು ಬರ್ತಿತ್ತು. ಕಣ್ಣ ಇರ್ತಿತ್ತು."

ಸಾಹುಕಾರರು ನಮ್ಮಿಬ್ಬರನ್ನೂ ಸುಮ್ಮನಿರಲು ಹೇಳಬೇಕಾಯಿತು. ಕೊನೆಗೆ, ತಿರುಪು ಹಾಕಬಾರದು, ರಬ್ಬರಿನ ಪಟ್ಟಿಯಲ್ಲಿ ಸಡಿಲವಾಗಿ ಕೂರಿಸಬೇಕೆಂದು ನಮ್ಮ ಮನೆಯವರು ಹೇಳಿದರು, ಸಾಹುಕಾರರು ಹೂಂ ಅಂದರು. ಮೊದಲು ಬಬಲೇಶ್ವರದ ಬಸ್ಸಿಗೆ ಹಾಕಿದರು. ಅಂದು ಗೆದ್ದವರು ಯಾರು ಎಂಬ ಜಗಳ ಮಾತ್ರ ನಮ್ಮಲ್ಲಿ ತೀರಲಿಲ್ಲ. ಒಡೆಯಿತು ಎಂದು ನಾನು, ಸಿಡಿಯಲಿಲ್ಲ ಎಂದು ಅವರು. ಮಾತಿಗೆ ಬೇರೆ ವಿಷಯ ಇಲ್ಲದ ದಿನ ಇದನ್ನೇ ಎತ್ತಿಕೊಳ್ಳುತ್ತಿದ್ದೆವು. ಬೇರೆ ವಿಷಯ ಇಲ್ಲದ ದಿನಗಳು ನಮಗೆ ಬಹಳ ಇದ್ದವು, ಈಗ ನೆನೆದರೆ ಅವೇ ಚೆನ್ನಾಗಿದ್ದವು.

ಉಳಿದ ಆ ಒಂದು ಕಣ್ಣು ಕೊನೆಯ ತನಕ ನೆಟ್ಟಗಿತ್ತು. ಕೈಕೊಟ್ಟದ್ದು ಎದೆ. ಉಬ್ಬಸವೆಂದು ಡಾಕ್ಟರ ಹತ್ತಿರ ಹೋದಾಗ ಅವರು ಎದೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಗಟ್ಟಿ ಇದ್ದೀರಿ ಮಿಸ್ತ್ರಿ" ಎಂದಿದ್ದರು. ನಾವಿಬ್ಬರೂ ನಂಬಿ ಮನೆಗೆ ಬಂದೆವು. ತಿರುವಿ ನೋಡಬೇಕೆಂಬುದು ಅಂದು ಇಬ್ಬರಿಗೂ ಹೊಳೆಯಲಿಲ್ಲ. ಕನ್ನಡಿ ಈಗಲೂ ಗೋಡೆಗೆ ಮುಖ ಮಾಡಿಯೇ ಇದೆ. ಅದನ್ನು ತಿರುವುವ ಕೆಲಸ ನನಗೆ ತಪ್ಪಿತು.

ಮೊನ್ನೆ ತಮ್ಮ ಹೇಳಿಕಳಿಸಿದನೆಂದು ಜೈನಾಪುರಕ್ಕೆ ಹೊರಟು ಸಾಹುಕಾರರ ಅದೇ ಬಬಲೇಶ್ವರದ ಬಸ್ಸು ಹತ್ತಿದೆ. ಕಿಟಕಿಯ ಜಾಗದಲ್ಲಿ ಕುಳಿತೆ. ಸರೀರಿ ಎನ್ನಲು ಯಾರೂ ಇರಲಿಲ್ಲ, ಖಾಲಿಯೇ ಇತ್ತು. ಪಕ್ಕದಲ್ಲಿ ನಿಂಬೆಹಣ್ಣಿನ ಬುಟ್ಟಿ ಇಟ್ಟುಕೊಂಡ ಮುದುಕಿಯೊಬ್ಬಳು ಬಂದು ಕುಳಿತಳು. ಹಾಳೆ ಹಳದಿಯಾಗಿದೆ, ತುಂಬ ಗೀರು ಬಿದ್ದಿದೆ, ಹೊರಗಿನ ಹೊಲ ಮಂಜಿನಲ್ಲಿದ್ದಂತೆ ಕಾಣುತ್ತದೆ, ಆದರೆ ರಬ್ಬರಿನಲ್ಲಿ ಭದ್ರವಾಗಿ ಕುಳಿತಿದೆ. ಊರು ದಾಟುವಷ್ಟರಲ್ಲಿ ನನಗೆ ತೂಕಡಿಕೆ ಬಂತು. ಬಸ್ಸು ಒಂದು ತಗ್ಗಿಗೆ ಇಳಿಯಿತು. ಹಾಳೆ ಠಪ್ ಎಂದಿತು. ಎಚ್ಚರವಾದರೂ ಕಣ್ಣು ತೆರೆಯದೆ, ಹಳೆಯ ರೂಢಿಯಂತೆ ಮುಂದಿನ ಠಪ್ ಬೀಳಲಿ ಎಂದು ಕಾಯುತ್ತ ಕುಳಿತೆ.

"ತಂಗಿ, ಹಣಿಮ್ಯಾಲ ಕೆಂಪಗ ಎದ್ದೈತಿ ನೋಡವ್ವ" ಎಂದಳು ಮುದುಕಿ. ಎಲ್ಲಿ ಎಂದೆ. ಹುಬ್ಬುಗಳ ನಡುವೆ ಬೆರಳು ತಂದು ತೋರಿಸಿದಳು, ಆಮೇಲೆ ನನ್ನ ಕೊರಳು ನೋಡಿ, ಕೈಬಳೆ ಇಲ್ಲದ್ದು ನೋಡಿ, ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ನಾನು ಮುಟ್ಟಿ ನೋಡಿಕೊಂಡೆ. ಭರಣಿ ಪೆಟ್ಟಿಗೆಯಲ್ಲಿ ಅರದ ಪಕ್ಕ ಇದ್ದರೂ ಆ ಕೆಂಪು ಕುಂಕುಮದ ಜಾಗ ತಪ್ಪಿರಲಿಲ್ಲ. ಹಾಳೆಯ ಮೇಲೆ ಮಾತ್ರ ಹೊಸ ಗೀರೊಂದೂ ಇಲ್ಲ. ಬೆರಳು ಮಡಚಿ ಅದನ್ನು ತಟ್ಟಿ ನೋಡಿದೆ.

"ಏನ ನೋಡಾಕತ್ತೀ?"

"ಗಟ್ಟಿ ಐತೇನ ನೋಡಾಕತ್ತೇನ್ರಿ."

"ಕಿಟಕಿನೋ, ತಲೀನೋ?"

"ಕಿಟಕಿ" ಎಂದೆ. ಅಂದು ಗೆದ್ದವರು ಅವರೇ ಎಂದು ಒಪ್ಪಿಕೊಳ್ಳಲು ನನಗೆ ಇಷ್ಟು ದಿನ ಬೇಕಾಯಿತು, ಹೇಳೋಣವೆಂದರೆ ಪಕ್ಕದಲ್ಲಿ ಕುಳಿತವಳು ಬೇರೆ ಯಾರೋ. ಅವಳಿಗೆ ಕಾಣದಂತೆ ಮುಖವನ್ನು ಹಾಳೆಯ ಕಡೆ ತಿರುವಿಕೊಂಡೆ. ಸೆರಗು ಬಾಯಿಗೆ ಹಿಡಿದರೂ ಮೈ ಕುಲುಕುವುದು ನಿಲ್ಲಲಿಲ್ಲ.

"ವಾಂತಿ ಬರಾಕತ್ತೇತೇನವ್ವ?" ಎಂದು ಕೇಳಿದಳು ಮುದುಕಿ.

"ಹೂಂನ್ರಿ" ಎಂದೆ.

ಅವಳು ಬುಟ್ಟಿಯಲ್ಲಿ ಕೈಯಾಡಿಸಿ, ಒಳ್ಳೆಯದನ್ನೇ ಆರಿಸಿ, ಒಂದು ನಿಂಬೆಹಣ್ಣು ಕೊಟ್ಟಳು. ಜೈನಾಪುರ ಬರುವ ತನಕ ನಾನು ಅದನ್ನು ಮೂಸುತ್ತ, ಬಾರದ ವಾಂತಿಯನ್ನು ತಡೆದುಕೊಳ್ಳುತ್ತ ಕುಳಿತೆ.